ನತಾಲಿನಾಳ ಆರು ತಾಸು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಕಾನ್ವೆಂಟಿನ ಅಡುಗೆಯವಳಿಂದ ಹಿಡಿದು ಪ್ರಾಂತ್ಯದ ಮದರ್‌ವರೆಗೆ ಎಲ್ಲರಿಗೂ ಗೊತ್ತು. ಹಳಿಯಾಳದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲಾದರೂ ಅದು ಇಳಿಯಬಹುದೆಂದು ಅವರು ಆಸೆ ಇಟ್ಟುಕೊಂಡಿದ್ದರು. ಅದಕ್ಕೇ ಇರಬೇಕು, ಯಾರ ಜೊತೆಗೂ ಜಗಳಕ್ಕೆ ಎಡೆಯಿಲ್ಲದ ಕೆಲಸವೊಂದನ್ನು ಹುಡುಕಿ ನನಗೆ ಕೊಟ್ಟರು. ಸತ್ತವರ ಪುಸ್ತಕ ತಿದ್ದುವ ಕೆಲಸ.

ನಮ್ಮ ಸಂಘದಲ್ಲಿ ಒಬ್ಬ ಸಿಸ್ಟರ್ ತೀರಿಕೊಂಡರೆ ಅವಳ ಹೆಸರು ಈ ಪುಸ್ತಕಕ್ಕೆ ಹೋಗುತ್ತದೆ. ಪ್ರತಿ ವರ್ಷ ಅವಳು ಸತ್ತ ದಿನ ಬಂದಾಗ, ಮಧ್ಯಾಹ್ನದ ಊಟಕ್ಕೆ ಮೊದಲು ಒಬ್ಬರು ಎದ್ದು ಓದುತ್ತಾರೆ: ಹೆಸರು, ಹುಟ್ಟಿದ ಊರು, ತೀರಿಕೊಂಡಾಗಿನ ವಯಸ್ಸು, ವ್ರತ ತೆಗೆದುಕೊಂಡು ಬಾಳಿದ ವರ್ಷಗಳು, ಆಮೇಲೆ ಅವಳ ಬಗ್ಗೆ ನಾಲ್ಕು ಸಾಲು. ಎಲ್ಲರೂ ನಿಂತು ಪ್ರಾರ್ಥನೆ ಹೇಳಿ ಕೂರುತ್ತೇವೆ. ಆಮೇಲೆ ಸಾರು ಬರುತ್ತದೆ. ಮಕ್ಕಳು ಮೊಮ್ಮಕ್ಕಳಿಲ್ಲದ ನಮಗೆ ಇದೇ ತಿಥಿ, ಇದೇ ಎಡೆ. ಈ ಪುಸ್ತಕದಲ್ಲಿ ಇಲ್ಲದವಳು ನಮ್ಮ ಪಾಲಿಗೆ ಎಂದೂ ಇರಲೇ ಇಲ್ಲ.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಹೇಳುವುದಿಲ್ಲ, ಒಬ್ಬಳದನ್ನು ಬಿಟ್ಟು.

ಹಳೆಯ ಪುಸ್ತಕ ಎಂದರೆ ಟೈಪ್ ಮಾಡಿದ ಹಾಳೆಗಳ ಕಟ್ಟು. ಅರ್ಧ ಕೊಂಕಣಿ, ಅರ್ಧ ಇಂಗ್ಲಿಷ್, ನಡುನಡುವೆ ಯಾರೋ ಪೆನ್ನಿನಲ್ಲಿ ಸೇರಿಸಿದ ಕನ್ನಡ. ಬೆಳ್ಳಿಹುಳ ಅಂಚನ್ನೆಲ್ಲ ತಿಂದಿತ್ತು. ಅದನ್ನು ಪೂರ್ತಿ ಕನ್ನಡಕ್ಕೆ ತಂದು, ದಾಂಡೇಲಿಯ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಅಚ್ಚು ಮಾಡಿಸಬೇಕಿತ್ತು. ನಾನು ಗಣಿತದ ಟೀಚರು. ಒಂದು ಕಡೆಯ ಉತ್ತರವನ್ನು ಇನ್ನೊಂದು ಕಡೆ ತಾಳೆ ನೋಡದೆ ನಂಬುವವಳಲ್ಲ. ಪ್ರತಿ ಹೆಸರನ್ನೂ ಮೂರು ಪುಸ್ತಕಗಳ ಜೊತೆ ಹೊಂದಿಸಿದೆ. ಕಾನ್ವೆಂಟಿಗೆ ಸೇರಿದವರ ದಾಖಲೆ, ವ್ರತ ತೆಗೆದುಕೊಂಡವರ ದಾಖಲೆ, ಚರ್ಚಿನಲ್ಲಿರುವ ಸಮಾಧಿ ದಾಖಲೆ. ಸರಿ ಹೊಂದಿದ್ದಕ್ಕೆ ನೀಲಿ ಪೆನ್ಸಿಲ್, ಹೊಂದದ್ದಕ್ಕೆ ಕೆಂಪು.

ಎರಡು ವಾರ ಎಲ್ಲವೂ ನೀಲಿಯಾಗಿಯೇ ಇತ್ತು. ಆಮೇಲೆ ಚರ್ಚಿನ ಸಮಾಧಿ ದಾಖಲೆಯಲ್ಲಿ ನಮ್ಮ ಪುಸ್ತಕಕ್ಕಿಂತ ಒಂದು ಹೆಸರು ಹೆಚ್ಚು ಬಂತು. ಸುಮಾರು ನಲವತ್ತು ವರ್ಷದ ಹಿಂದಿನದು. ನತಾಲಿನಾ ಸಿದ್ದಿ, ಕಾನ್ವೆಂಟ್, ವಯಸ್ಸು ಇಪ್ಪತ್ತೆರಡು. ನಮ್ಮ ದಾಖಲೆ ತೆರೆದು ನೋಡಿದೆ. ಸೇರಿದ ದಿನ ಇತ್ತು, ನಾವಿಸ್ ಆಗಿ ಬಿಳಿ ಮುಸುಕು ಹಾಕಿಕೊಂಡ ದಿನ ಇತ್ತು. ವ್ರತದ ಕಾಲಂ ಖಾಲಿ. ನಾವಿಸ್ ಎಂದರೆ ಇನ್ನೂ ತರಬೇತಿಯಲ್ಲಿರುವ ಹುಡುಗಿ. ವ್ರತ ತೆಗೆದುಕೊಂಡು ಕಪ್ಪು ಮುಸುಕು ತೊಟ್ಟ ಮೇಲೆಯೇ ಅವಳು ಸಿಸ್ಟರ್. ಹಾಗಾಗಿ ಪುಸ್ತಕದಲ್ಲಿ ಇಲ್ಲದ್ದು ನಿಯಮದ ಪ್ರಕಾರ ಸರಿಯೇ. ನಾನೂ ಒಂದು ಗೆರೆ ಎಳೆದು ಮುಂದೆ ಹೋಗುವವಳಿದ್ದೆ.

ಆದರೆ ಅವಳ ಊರಿನ ಹೆಸರು ಬರೆದುಕೊಳ್ಳಲೆಂದು ಹಳೆಯ ಕಪಾಟು ಕೆದಕುವಾಗ ಬಟ್ಟೆ ಪುಸ್ತಕ ಸಿಕ್ಕಿತು. ನಮ್ಮಲ್ಲಿ ಪ್ರತಿಯೊಬ್ಬಳಿಗೂ ಬಟ್ಟೆಗೆ ಹೊಲಿದುಕೊಳ್ಳಲು ಒಂದು ನಂಬರು ಕೊಡುತ್ತಾರೆ, ಇಲ್ಲದಿದ್ದರೆ ಅಷ್ಟು ಜನರ ಒಂದೇ ಬಣ್ಣದ ಬಟ್ಟೆಯಲ್ಲಿ ಯಾರದು ಯಾರಿಗೆ? ಒಗೆಯುವ ಮನೆ ನೋಡಿಕೊಳ್ಳುವ ಸಿಸ್ಟರ್ ಆ ನಂಬರಿನ ಮುಂದೆ ಕೊಟ್ಟ ಬಟ್ಟೆಗಳನ್ನೆಲ್ಲ ಬರೆದಿಡುತ್ತಾಳೆ. ನನ್ನ ನಂಬರು ನಲವತ್ತೆರಡು. ಆ ಹಾಳೆ ತೆರೆದರೆ, ನನ್ನ ಹೆಸರಿನ ಮೇಲ್ಗಡೆ ಗೆರೆ ಹೊಡೆದು ಹಾಕಿದ ಇನ್ನೊಂದು ಹೆಸರು. ನತಾಲಿನಾ. ಅವಳು ಸತ್ತ ಮೂರು ತಿಂಗಳಿಗೆ ನಾನು ಸೇರಿದ್ದೆ. ಅವಳ ನಂಬರನ್ನು ನನ್ನ ಒಳಲಂಗದಿಂದ ಹಿಡಿದು ದಿಂಬಿನ ಚೀಲದವರೆಗೆ ಹೊಲಿದುಕೊಂಡು ಇಷ್ಟು ವರ್ಷ ಓಡಾಡಿದ್ದೇನೆ, ಅವಳು ಯಾರೆಂದು ಗೊತ್ತಿಲ್ಲ. ಅವಳಿಗೆ ಕೊಟ್ಟ ಬಟ್ಟೆಗಳ ಪಟ್ಟಿಯಲ್ಲಿ ಕೊನೆಯ ಸಾಲು ಹೀಗಿತ್ತು: ಕಪ್ಪು ಮುಸುಕು, ಒಂದು. ಪಕ್ಕದಲ್ಲಿದ್ದ ದಿನಾಂಕ ಅವಳು ಸತ್ತ ದಿನದ್ದೇ.

ನಾವಿಸ್‌ಗೆ ಕಪ್ಪು ಮುಸುಕು ಯಾಕೆ ಕೊಟ್ಟರು?

ಅವಳ ಕೊನೆಯ ದಿನ ಹತ್ತಿರವಿದ್ದ ಹಿರಿಯರಲ್ಲಿ ಬದುಕಿ ಉಳಿದವರು ಒಬ್ಬರೇ, ಆಗ ನರ್ಸ್ ಆಗಿದ್ದ ಸಿಸ್ಟರ್. ಈಗ ಮುಂಡಗೋಡದಲ್ಲಿ ನಮ್ಮ ವಯಸ್ಸಾದವರ ಮನೆಯಲ್ಲಿದ್ದಾರೆ. ಎಂಬತ್ತೇಳು ವರ್ಷ. ಟಿಬೆಟನ್ ಕಾಲೊನಿಯಲ್ಲಿ ಕೊಂಡ ಉಣ್ಣೆಯ ಟೋಪಿಯನ್ನು ಬೇಸಿಗೆಯಲ್ಲೂ ತೆಗೆಯುವುದಿಲ್ಲ. ಕಿವಿ ಮಂದ, ನೆನಪು ಮಾತ್ರ ಹೊಸ ಬ್ಲೇಡು. ಕಲಘಟಗಿ ಮೇಲೆ ಸುತ್ತಿಕೊಂಡು ಹೋಗುವ ಬಸ್ಸಿನಲ್ಲಿ ಹೋಗಿ, ಬಟ್ಟೆ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಬೆರಳಿನಿಂದ ಸಾಲನ್ನು ಮುಟ್ಟಿ ನೋಡಿದರು. ಯಾರಾದರೂ ಬಂದು ಕೇಳಲಿ ಎಂದೇ ಕಾದಿದ್ದವರ ಹಾಗೆ ತಡವರಿಸದೆ ಹೇಳಿದರು.

ಉಳಿದ ನಾವಿಸ್‌ಗಳು ಪಾಠ, ಹೊಲಿಗೆ, ಹಾಡು ಎಂದು ಒಳಗಿದ್ದಾಗ ನತಾಲಿನಾಳನ್ನು ದನದ ಕೊಟ್ಟಿಗೆಗೆ ಹಾಕಿದ್ದರಂತೆ. ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗೆಲೆ ತರುವುದೂ ಅವಳೇ. ಸಿದ್ದಿಯವಳು, ಕಾಡು ರೂಢಿ, ಮೈ ಗಟ್ಟಿ ಎಂಬುದು ಆಗಿನ ಮದರ್ ಕೊಟ್ಟ ಕಾರಣ. ವ್ರತಕ್ಕೆ ಇನ್ನು ಎರಡು ವಾರ ಇರುವಾಗ ಜ್ವರ ಬಂತು. ಕಷಾಯ ಕೊಡಿ, ಗಟ್ಟಿ ಮೈ, ಇಳಿಯುತ್ತದೆ ಎಂದರು. ನಾಲ್ಕನೆಯ ದಿನ ಒಸಡಿನಲ್ಲಿ ರಕ್ತ ಬಂತು. ಜೀಪು ಹಬ್ಬದ ಸಾಮಾನು ತರಲು ಧಾರವಾಡಕ್ಕೆ ಹೋಗಿತ್ತು. ಐದನೆಯ ದಿನ ಬೆಳಗಿನ ಆರು ಗಂಟೆಗೆ ಅವಳೇ ಬಾಯಿಬಿಟ್ಟು ಕೇಳಿದಳು, ನನಗೆ ವ್ರತ ಕೊಡಿ ಎಂದು.

ಇದಕ್ಕೆ ನಮ್ಮಲ್ಲಿ ದಾರಿಯಿದೆ. ಸಾವಿನ ಅಂಚಿನಲ್ಲಿರುವ ನಾವಿಸ್ ವ್ರತ ತೆಗೆದುಕೊಳ್ಳಬಹುದು. ಫಾದರ್ ಅಣಶಿಯ ಕಡೆ ಪೂಜೆಗೆ ಹೋಗಿದ್ದರೂ ಅಡ್ಡಿಯಿಲ್ಲ, ಮನೆಯ ಮದರ್ ಸ್ವೀಕರಿಸಿದರೆ ಸಾಕು. ಬದುಕಿ ಉಳಿದರೆ ಆ ವ್ರತ ಲೆಕ್ಕಕ್ಕಿಲ್ಲ, ಎಲ್ಲರ ಜೊತೆ ಮತ್ತೆ ತೆಗೆದುಕೊಳ್ಳಬೇಕು. ಸತ್ತರೆ ಅವಳು ನಮ್ಮವಳು. ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆಯ ಮೇಲೆ ವ್ರತದ ಮಾತು ಬರೆದು, ನರ್ಸ್ ಸಿಸ್ಟರ್ ಹಲಗೆ ಹಿಡಿದುಕೊಂಡು, ಆಗಲೇ ನತಾಲಿನಾಳಿಂದ ಸಹಿ ಮಾಡಿಸಿದರು, ಮದರ್ ಸ್ವೀಕರಿಸಿದರು. ಒಗೆಯುವ ಮನೆಯ ಸಿಸ್ಟರ್ ಇಸ್ತ್ರಿ ಬಿಸಿ ಆರದ ಕಪ್ಪು ಮುಸುಕು ತಂದರು. ಹನ್ನೆರಡರ ಗಂಟೆ ಬಾರಿಸುವಾಗ ಅವಳ ಪ್ರಾಣ ಹೋಯಿತು.

ಸಿಸ್ಟರ್ ಸತ್ತರೆ ಅವಳ ವ್ರತದ ಕಾಗದವನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಅವಳ ಕೈಯಲ್ಲಿಟ್ಟು ಹೂಳುವುದು ನಮ್ಮ ಪದ್ಧತಿ. ಇನ್ನೊಂದು ಪ್ರತಿ ದಾಖಲೆಯಲ್ಲಿ ಉಳಿಯುತ್ತದೆ. ನತಾಲಿನಾಳ ಇನ್ನೊಂದು ಪ್ರತಿ ಎಲ್ಲಿ ಎಂದು ಕೇಳಿದೆ.

"ಎರಡನೇದು ಬರೀಲೇ ಇಲ್ಲವ್ವಾ," ಎಂದರು. "ಇದ್ದದ್ದೊಂದ ಕಾಗದ. ಅಕಿ ಕೈಯಾಗ ಇಟ್ವಿ. ಮಣ್ಣಾಗ ಹೋತು."

"ದಾಖಲೆಯಲ್ಲಾದರೂ ಬರೆಯಬಹುದಿತ್ತಲ್ಲ?"

"ಮೇಲಿನವ್ರನ್ನ ಕೇಳಿ ಬರೀತೀನಿ ಅಂದ್ರು ಆಗಿನ ಮದರ್. ಕೇಳಿದ್ರ, ಐದು ದಿನ ದವಾಖಾನಿಗೆ ಯಾಕ ಒಯ್ಯಲಿಲ್ಲ ಅಂತ ಅವ್ರು ಕೇಳ್ತಿದ್ರು. ಅದಕ್ಕ ಕೇಳ್ಲೇ ಇಲ್ಲ."

ನನಗೆ ಮೈ ಉರಿದುಹೋಯಿತು. ಆ ಮದರ್ ಸತ್ತು ಎಷ್ಟೋ ವರ್ಷವಾಗಿದೆ. ನಮ್ಮ ಪುಸ್ತಕದಲ್ಲಿ ಅವರಿಗೆ ಒಂದೂವರೆ ಪುಟವಿದೆ. ತಾಯಿಯಂಥ ಕರುಣೆ ಎಂಬ ಶಬ್ದ ಎರಡು ಸಲ ಬರುತ್ತದೆ. ಅದನ್ನು ನಾನೇ ಎಷ್ಟೋ ವರ್ಷ ಊಟದ ಮನೆಯಲ್ಲಿ ರಾಗವಾಗಿ ಓದಿದ್ದೇನೆ. ನಿಮ್ಮ ಬಾಯಿಗೆ ಬೀಗ ಹಾಕಿದವರು ಯಾರು ಎಂದು ಈ ಮುದುಕಿಯ ಮೇಲೆಯೇ ಹರಿಹಾಯ್ದೆ. ಅವರು ಟೋಪಿ ಸರಿಮಾಡಿಕೊಂಡು, ಇಷ್ಟು ದಿನ ಯಾರೂ ಕೇಳಲಿಲ್ಲ, ಈಗ ನೀ ಕೇಳಿದಿ, ಹೇಳಿದೆ ಎಂದರು. ಹೇಳಿದ್ದನ್ನೆಲ್ಲ ಬರೆಸಿ ಸಹಿ ಹಾಕಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು.

ಪ್ರಾಂತ್ಯದ ಆಫೀಸಿಗೆ ಬರೆದೆ. ಎಂಟು ದಿನದಲ್ಲಿ ಉತ್ತರ ಬಂತು. ಬಟ್ಟೆ ಒಗೆಯುವ ಮನೆಯ ಪುಸ್ತಕ ವ್ರತದ ದಾಖಲೆಯಾಗುವುದಿಲ್ಲ, ವಯಸ್ಸಾದವರ ಮಾತು ಪೂರ್ತಿ ನಂಬುವಂಥದ್ದಲ್ಲ, ಸಹಿ ಇರುವ ವ್ರತದ ಕಾಗದ ಬೇಕು. ಆದರೂ ನನ್ನ ಭಾವನೆಯನ್ನು ಗೌರವಿಸಿ, ಪುಸ್ತಕದ ಕೊನೆಗೆ 'ತರಬೇತಿಯಲ್ಲಿ ತೀರಿಕೊಂಡವರು' ಎಂಬ ಅನುಬಂಧದಲ್ಲಿ ಆ ಹೆಸರು ಸೇರಿಸಬಹುದು. ಅನುಬಂಧವನ್ನು ಊಟದ ಮನೆಯಲ್ಲಿ ಓದುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ನಾನು ಹಿಂದೂ ಗೆಳತಿಯರಿಂದ ಕಲಿತದ್ದು. ನಮ್ಮ ಮನೆಗೇ ಅಳತೆ ತೆಗೆದು ಹೊಲಿದಂತಿತ್ತು. ನನ್ನ ಭಾವನೆಯಂತೆ! ಅವಳು ಸಹಿ ಹಾಕಿದ್ದು ನನ್ನ ಭಾವನೆಯೇ?

ನತಾಲಿನಾಳ ಮನೆಯಲ್ಲಿ ಏನಾದರೂ ಕಾಗದಪತ್ರ ಉಳಿದಿರಬಹುದೆಂದು ಹುಡುಕಿಕೊಂಡು ಹೋದೆ. ಹಳಿಯಾಳದಿಂದ ಕಾಡಿನ ಕಡೆ ಹೋಗುವ ರಸ್ತೆಯಲ್ಲಿ ಟೆಂಪೋ ಇಳಿದು ಎರಡು ಮೈಲಿ ನಡೆಯಬೇಕು. ಸಿದ್ದಿಯವರ ಹನ್ನೆರಡು ಮನೆ. ಅಂಗಳದಲ್ಲಿ ಅವಳ ಅಕ್ಕ ಕಾಲು ಚಾಚಿಕೊಂಡು ಹಳೆಯ ಬಟ್ಟೆಯ ಕೌದಿ ಹೊಲಿಯುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ಕಾನ್ವೆಂಟಿನಿಂದ ಬಂದಿದ್ದೇನೆ ಎಂದರೆ ತಲೆ ಎತ್ತಲಿಲ್ಲ. ನತಾಲಿನಾ ಎಂದ ಮೇಲೆ ಸೂಜಿ ನಿಂತಿತು.

"ನಮ್ಮವ್ವ ಸಾಯೂತನಾ ಒಂದ ಮಾತು ಕೇಳ್ತಿದ್ಳರಿ," ಎಂದಳು. "ನಮ್ಮ ನತ್ತು ಸಿಸ್ಟರ್ ಆಗಿ ಸತ್ಳೋ, ಹಂಗ ಸತ್ಳೋ? ನಿಮ್ಮ ಮಠಕ್ಕ ಬಂದು ಎರಡ ಸಲ ಕೇಳಿದ್ಳು. ಇನ್ನೂ ಆಗಿರಲಿಲ್ಲ ಅಂದು ಕಳಿಸಿದ್ರಿ."

ಹಾಡಿಯ ಜನ ಅದಕ್ಕೆ ತಮ್ಮದೇ ಅರ್ಥ ಹಚ್ಚಿಕೊಂಡರಂತೆ. ಮಠದವರು ಹುಡುಗಿಯನ್ನು ದನ ಕಾಯಲು ಒಯ್ದರು, ಹೆಣ ಮಾಡಿದರು. ಆಮೇಲೆ ಅಲ್ಲಿಂದ ಒಬ್ಬ ಹುಡುಗಿಯನ್ನೂ ಯಾರೂ ನಮ್ಮಲ್ಲಿಗೆ ಕಳಿಸಲಿಲ್ಲ. ನಮ್ಮ ಹಳೆಯ ವರದಿಗಳಲ್ಲಿ ಇದೇ ಸಂಗತಿ ಬೇರೆ ರೀತಿಯಲ್ಲಿದೆ: ಆ ಭಾಗದ ಜನರಲ್ಲಿ ದೈವಕರೆ ಕಂಡುಬಂದಿಲ್ಲ. ಅದನ್ನು ಬರೆದ ಕೈ ಸಿಕ್ಕಿದ್ದರೆ ಬೆತ್ತದಿಂದ ಬಾರಿಸುತ್ತಿದ್ದೆ.

ಕಾಗದಪತ್ರ ಒಂದೂ ಇರಲಿಲ್ಲ. ನೀರು ಕುಡಿಯಲು ಒಳಗೆ ಹೋದಾಗ ಗೋಡೆಯ ಮೇಲೆ ಯೇಸುವಿನ ಪಟದ ಪಕ್ಕ ಇನ್ನೊಂದು ಪಟ ಕಂಡಿತು. ಮಣ್ಣು ಮಾಡುವ ದಿನ ಅವರಪ್ಪ ಹಳಿಯಾಳದ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ ಕಪ್ಪು ಬಿಳುಪು ಫೋಟೋ. ಶವಪೆಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಸುತ್ತ ಮನೆಯವರು, ಹಿಂದೆ ಬಿಳಿ ಮುಸುಕಿನ ನಾಲ್ಕು ನಾವಿಸ್‌ಗಳು. ಪೆಟ್ಟಿಗೆಯಲ್ಲಿರುವವಳ ತಲೆಯ ಮೇಲಿದ್ದುದು ಕಪ್ಪು ಮುಸುಕು. ಮಡಚಿದ ಕೈಗಳ ನಡುವೆ ಬಿಳಿಯದೇನೋ ಇತ್ತು.

ನನ್ನ ಅವಸರ ಅಲ್ಲಿಯೂ ಬಿಡಲಿಲ್ಲ. ಚೌಕಟ್ಟಿನ ಮೊಳೆ ಕಿತ್ತು ಫೋಟೋ ಎಳೆದೆ. ನಲವತ್ತು ಮಳೆಗಾಲದ ತೇವಕ್ಕೆ ಅದು ಗಾಜಿಗೆ ಅಂಟಿಕೊಂಡಿತ್ತು. ಮೂಲೆ ಚರಕ್ಕನೆ ಸುಲಿದು, ಅಂಚಿನಲ್ಲಿ ನಿಂತ ಒಬ್ಬರ ಮುಖ ಗಾಜಿನಲ್ಲೇ ಉಳಿಯಿತು. ಯಾರದು ಎಂದು ಕೇಳಿದೆ. ಅಪ್ಪಂದು ಎಂದಳು ಅಕ್ಕ. ಬೈದಿದ್ದರೆ ಚೆನ್ನಾಗಿತ್ತು. ಪಟವನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ತಿರುಗಿ ತಂದುಕೊಡಬೇಕು ಎಂದಷ್ಟೇ ಹೇಳಿದಳು.

ದಾಂಡೇಲಿಯ ಡಿಟಿಪಿ ಅಂಗಡಿ ನಡೆಸುವವಳ ತಂದೆ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಗೆಂದು ಬಂದವರು. ಅವಳು ಜಾಣೆ, ಕೈ ಹಗುರ. ಗಾಜಿನಿಂದ ಬಿಡಿಸಬಾರದು, ಗಾಜಿನ ಮೇಲಿಂದಲೇ ತೆಗೆಯಬೇಕು ಎಂದಳು. ಪಟವನ್ನು ಬಾಗಿಲ ಬಳಿ ಮೇಜಿನ ಮೇಲೆ ಮಲಗಿಸಿ, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿದಳು. ಗಾಜಿನಲ್ಲಿ ನಮ್ಮ ನೆರಳು ಮೂಡದಂತೆ ಮೇಲೆ ಕಪ್ಪು ಛತ್ರಿ ಹಿಡಿಯಿರಿ ಎಂದಳು, ಹಿಡಿದೆ. ಛತ್ರಿಯ ಕೆಳಗಿನಿಂದ ಕ್ಯಾಮೆರಾ ತೂರಿಸಿ ಎಂಟು ಸಲ ತೆಗೆದಳು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಕೈಯೊಳಗಿನ ಸುರುಳಿಯೂ, ಅದಕ್ಕೆ ಎರಡು ಸುತ್ತು ಸುತ್ತಿದ ದಾರವೂ ಸ್ಪಷ್ಟವಾಗಿ ಕಂಡವು. ಆಫೀಸಿನವರು ಕೇಳಿದ ಕಾಗದ ಅದೇ.

ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವಳು ಇನ್ನೊಂದು ಫೈಲು ತೆರೆದಳು. ಆಫೀಸಿನವರು ನನಗೆ ತಿಳಿಸದೆ ಅನುಬಂಧದ ಹಾಳೆಯನ್ನು ನೇರವಾಗಿ ಅವಳಿಗೇ ಕಳಿಸಿದ್ದರು.

"ವ್ರತದ ವರ್ಷ ಅನ್ನೂ ಕಾಲಂನ್ಯಾಗ ಇವ್ರಿಗೆ ಸೊನ್ನೆ ಹಾಕೀನ್ರಿ ಸಿಸ್ಟರ್," ಎಂದಳು. "ನಾಳೆ ಅಚ್ಚು ಸುರು ಮಾಡ್ರಿ ಅಂದಾರ. ನೀವೊಂದ ಸಹಿ ಹಾಕಿದ್ರ ಆತು."

ಪರದೆಯ ಮೇಲೆ ನತಾಲಿನಾಳ ಹೆಸರು, ಅದರ ಮುಂದೆ ದುಂಡಗಿನ ಸೊನ್ನೆ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಸೊನ್ನೆ ಹಾಕಿದ ಕೈ ನನ್ನದು. ಯಾವುದಕ್ಕೆ ಸೊನ್ನೆ, ಯಾವುದಕ್ಕೆ ಅಲ್ಲ ಎಂದು ನನಗೆ ಗೊತ್ತು.

ನಾನೂ ವಿಧೇಯತೆಯ ವ್ರತ ತೆಗೆದುಕೊಂಡವಳೇ. ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಗೊಣಗಿಕೊಂಡಾದರೂ. ಆ ದಿನ ಮಾಡಲಿಲ್ಲ. ಅನುಬಂಧದ ಕರಡು ಹಾಳೆಯನ್ನು ಮುದ್ರಿಸಲು ಹೇಳಿ, ಕೆಂಪು ಪೆನ್ಸಿಲಿನಿಂದ ಅಡ್ಡ ಗೆರೆ ಹೊಡೆದು, ತಪ್ಪು ಎಂದು ಬರೆದೆ. ಸಹಿ ಹಾಕುವುದಿಲ್ಲ, ಅಚ್ಚು ಮಾಡಬೇಡ ಎಂದೆ. ನನ್ನನ್ನು ಕೆಲಸದಿಂದ ತೆಗೆದು ಬೇರೆಯವರಿಂದ ಸಹಿ ಹಾಕಿಸುವುದಾದರೆ ಹಾಕಿಸಿಕೊಳ್ಳಲಿ, ಆಗ ಹಳಿಯಾಳದ ಬಜಾರಿನಲ್ಲಿ ನಿಂತು ಈ ಕಥೆ ಹೇಳುತ್ತೇನೆ ಎಂದು ಆಫೀಸಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಂಗಡಿಯವಳು ನನಗೊಂದು ಲೋಟ ಚಹಾ ತರಿಸಿದಳು.

ಮೂರನೆಯ ದಿನ ಪ್ರಾಂತ್ಯದ ಮದರ್ ಸ್ವತಃ ಹಳಿಯಾಳಕ್ಕೆ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರೇನಲ್ಲ, ಫೈಲಿನಲ್ಲಿ ಇಲ್ಲದ್ದಕ್ಕೆ ಹೆದರುವವರು. ವಿಧೇಯತೆಯ ಮೇಲೆ ಅರ್ಧ ಗಂಟೆ ಮಾತಾಡಿದರು. ಆಗಿನ ಮದರ್‌ನ ಮಾನದ ಪ್ರಶ್ನೆಯೂ ಇದೆ, ಸತ್ತವರ ಬಗ್ಗೆ ಕೆದಕಬಾರದು ಎಂದರು. ಕೆದಕಬಾರದು ಎಂದರೆ ಯಾವ ಸತ್ತವರನ್ನು ಎಂದು ಕೇಳಿದೆ. ಮೇಜಿನ ಮೇಲೆ ಬಟ್ಟೆ ಪುಸ್ತಕ, ನರ್ಸ್ ಸಿಸ್ಟರ್‌ನ ಹೇಳಿಕೆ, ದೊಡ್ಡದು ಮಾಡಿಸಿದ ಫೋಟೋ ಮೂರನ್ನೂ ಇಟ್ಟು, ಇದರಲ್ಲಿ ನಾವಿಸ್‌ಗಳು ಯಾರು ತೋರಿಸಿ ಎಂದೆ. ಬಿಳಿ ಮುಸುಕಿನ ನಾಲ್ವರ ಮೇಲೆ ಬೆರಳಿಟ್ಟರು. ಐದನೆಯವಳ ಹತ್ತಿರ ಬೆರಳು ನಿಂತಿತು.

"ಆ ಕಾಗದ ಈಗ ಎಲ್ಲೈತಿ?" ಎಂದು ಕೇಳಿದರು.

"ಅವಳ ಕೈಯಲ್ಲಿ," ಎಂದೆ. "ಅಗೆಸಿ ತೆಗೆಸೋಣವೇ, ಮದರ್?"

ಫೋಟೋವನ್ನು ನನ್ನ ಕಡೆ ಸರಿಸಿದರು. ಆಮೇಲೆ ವ್ರತದ ದಾಖಲೆ ತರಿಸಿ, ಆ ಖಾಲಿ ಕಾಲಂ ತುಂಬಿ, ಕೆಳಗೆ ಸಹಿ ಹಾಕಿದರು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ನಾನೂ ಅದಕ್ಕೆ ಕಾಯಲಿಲ್ಲ. ವರ್ಷದ ಕಾಲಂನಲ್ಲಿ ಏನು ಬರೆಯುತ್ತೀರಿ, ಒಂದಕ್ಕಿಂತ ಕಡಿಮೆ ಎಂದರೆ ಸಾಕಲ್ಲ ಎಂದರು. ಲೆಕ್ಕ ನನಗೆ ಬಿಡಿ ಎಂದೆ.

ನತಾಲಿನಾ ಸತ್ತ ದಿನ ಬಂದಾಗ ಅವಳ ಅಕ್ಕನನ್ನು ಕರೆಸಿದೆ. ನಮ್ಮ ಊಟದ ಮನೆಯಲ್ಲಿ ಹೊರಗಿನವರು ಕೂರುವ ಪದ್ಧತಿಯಿಲ್ಲ. ಆ ಪದ್ಧತಿಯನ್ನು ಯಾರೂ ನನಗೆ ನೆನಪಿಸಲಿಲ್ಲ, ನನ್ನ ಮುಖ ಹಾಗಿತ್ತು. ಹೊಸ ಚೌಕಟ್ಟು ಹಾಕಿಸಿದ ಫೋಟೋ ಮಡಿಲಲ್ಲಿಟ್ಟುಕೊಂಡು ಅವಳು ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ನಾನು ಎದ್ದು ಓದಿದೆ.

ಸಿಸ್ಟರ್ ನತಾಲಿನಾ ಸಿದ್ದಿ. ಹುಟ್ಟಿದ್ದು ಹಳಿಯಾಳ ತಾಲೂಕಿನಲ್ಲಿ. ವಯಸ್ಸು ಇಪ್ಪತ್ತೆರಡು. ವ್ರತ ತೆಗೆದುಕೊಂಡು ಬಾಳಿದ್ದು ಆರು ತಾಸು. ದನದ ಕೊಟ್ಟಿಗೆಯಲ್ಲಿ ದುಡಿದಳು. ಜ್ವರ ಬಂದು ಐದು ದಿನವಾದರೂ ಅವಳನ್ನು ಆಸ್ಪತ್ರೆಗೆ ಒಯ್ಯಲಿಲ್ಲ. ವ್ರತವನ್ನು ತಾನೇ ಕೇಳಿ ತೆಗೆದುಕೊಂಡಳು. ನಾವು ಅದನ್ನು ಬರೆದಿಡಲಿಲ್ಲ.

ಎಲ್ಲರೂ ನಿಂತು ಪ್ರಾರ್ಥನೆ ಹೇಳಿ ಕೂತೆವು. ಒಂದು ನಿಮಿಷವೂ ಆಗಿರಲಿಲ್ಲ. ಅಡುಗೆಯವಳು ಸಾರಿನ ಪಾತ್ರೆ ತಂದಳು. ಅಕ್ಕ ನನ್ನ ಕಡೆ ತಿರುಗಿದಳು.

"ಮುಗೀತೇನ್ರಿ ಸಿಸ್ಟರ್?"

ಮುಗಿಯಿತು ಎಂದೆ.

"ಇಷ್ಟ ಹೇಳ್ಲಿಕ್ಕ ನಮ್ಮವ್ವನ್ನ ಸಾಯೂತನಾ ಕಾಯಿಸಿದ್ರೇನ್ರಿ?"

ಅವಳು ದನಿ ಏರಿಸಿರಲಿಲ್ಲ, ಆದರೆ ಮೇಜಿನ ಕೊನೆಯವರೆಗೂ ಕೇಳಿಸಿತು.